ಒಂದೇ ಕಡೆ ಕೇಳುವ ಹೆಡ್‌ಫೋನ್

"ಇದರ ಎಡಗಡೆ ಬಂದ್ ಐತಿ, ಬ್ಯಾರೇದ್ ತಗಿಯೋ" ಎಂದು ಹಾರೂಗೇರಿಯ ಕ್ಯಾಸೆಟ್ ಅಂಗಡಿಯವನಿಗೆ ಹೆಡ್‌ಫೋನ್ ಹಿಂತಿರುಗಿಸಿದೆ. ಚೌಕಾಸಿಗೆಂದೇ ನನ್ನನ್ನು ಕರೆತಂದಿದ್ದ ಪಕ್ಕದ ಮನೆಯ ಬಾಳಪ್ಪ ಕೈ ಹಿಡಿದ.

"ಇರ್ಲಿ ಕಾಕಾ, ನನಗ ಇದ ಬೇಕು. ಒಂದ್ ಕಿವಿ ಅವ್ವನ ಕಡೆ ಇರಬೇಕಲ್ರಿ."

ಹಾಸಿಗೆ ಹಿಡಿದ ತಾಯಿಯನ್ನು ರಾತ್ರಿಯಿಡೀ ಕಾಯುತ್ತಿದ್ದವನು, ತೂಕಡಿಕೆ ಬಾರದಿರಲೆಂದು ಟಿವಿಯಲ್ಲಿ ವಿಡಿಯೋ ಗೇಮ್ ಆಡುತ್ತಿದ್ದ. ಸದ್ದಾದರೆ ಆಕೆಗೆ ಎಚ್ಚರವಾಗುತ್ತಿತ್ತು. ಕೆಟ್ಟ ಮಾಲೆಂದು ಜಗ್ಗಾಡಿ ಅರ್ಧ ಬೆಲೆಗೆ ಕೊಡಿಸಿದೆ.

ತಾಯಿ ತೀರಿಕೊಂಡು ಮಣ್ಣಾದ ವಾರಕ್ಕೆ ಬಾಳಪ್ಪ ನಮ್ಮ ಬಾಗಿಲಿಗೆ ಬಂದ. "ಎರಡೂ ಕಡೆ ಕೇಳೂದು ಕೊಡಸ್ರಿ ಕಾಕಾ. ಆ ಖಾಲಿ ಕಿವ್ಯಾಗ ಅವ್ವ ಕರದಂಗ ಆಗತೈತಿ."

ಎರಡೂ ಬದಿ ಕೇಳಿ ನೋಡದೆ ಹೆಡ್‌ಫೋನ್ ಕೊಳ್ಳಬೇಡಿ ಎಂದು ಇಂದಿಗೂ ಎಲ್ಲರಿಗೂ ಹೇಳುತ್ತೇನೆ. ಅವತ್ತು ಅವನು ಅಂಗಡಿಯಲ್ಲೇ ಹೊಸ ಹೆಡ್‌ಫೋನಿನಿಂದ ಎರಡೂ ಕಿವಿ ಮುಚ್ಚಿಕೊಂಡು ನಿಂತಾಗ ಮಾತ್ರ ನನಗೆ ಚೌಕಾಸಿಯ ನೆನಪೇ ಆಗಲಿಲ್ಲ.