ಅಪ್ಪನ ಮೊಳೆಗೆ ತೂಗಿದ ದೊಡ್ಡ ಮನುಷ್ಯ

ಥೂ, ಆ ಚಿತ್ರ ನೆನಪಾದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ. ನಾನು ನಿವೃತ್ತನಾದ ದಿನ ವಿದ್ಯಾರ್ಥಿಗಳು ಕೊಟ್ಟದ್ದು. ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದಿದ್ದ ವ್ಯಂಗ್ಯಚಿತ್ರವಂತೆ; ಈಗ ಗೋಡೆಯ ಅಲಂಕಾರಕ್ಕೆಂದು ಆನ್‌ಲೈನಿನಲ್ಲಿ ಮಾರುತ್ತಾರೆ. ಅದರಲ್ಲಿದ್ದವನು ಜಗತ್ತಿಗೇ ಗೊತ್ತಿರುವ ರಸಾಯನ ವಿಜ್ಞಾನಿ. ಕಾರವಾರದಲ್ಲಿ ಮೂವತ್ತು ವರ್ಷ ಅವನ ಪಾಠ ಹೇಳಿಯೇ ನಾನು ಹೊಟ್ಟೆ ಹೊರೆದೆ. ಅಂಥವನಿಗೆ ಕುಂಬಳಕಾಯಿಯಂಥ ತಲೆ, ಕಡ್ಡಿ ಕಾಲು, ಎದೆ ತುಂಬ ಗಡ್ಡ, ಕೈಯಲ್ಲಿ ಹೊಗೆ ಕಾರುವ ಗಾಜಿನ ಬುರುಡೆ. ಕಾಗದ ನಿನ್ನೆ ಮೊನ್ನೆಯದು. ಹಳತಾಗಿ ಕಾಣಲೆಂದು ಚಹಾ ಚೆಲ್ಲಿದಂಥ ಕಲೆಗಳನ್ನೂ ಅಚ್ಚು ಹಾಕಿದ್ದರು. ದುಡಿದು ಸತ್ತವನನ್ನು ಗೇಲಿ ಮಾಡುವುದು, ಆ ಗೇಲಿಗೂ ಸುಳ್ಳು ವಯಸ್ಸು ಹಚ್ಚುವುದು. ಎಂಥ ಹೇಸಿಗೆ ಕೆಲಸ.

ಆದರೆ ಅದನ್ನು ತೂಗಿಹಾಕಿದವನು ನಾನೇ. ಗೋಡೆಗೆ ಹಾಕಿ ಫೋಟೊ ಕಳಿಸಿ ಸರ್ ಎಂದು ಹುಡುಗರು ವಾಟ್ಸಾಪಿನಲ್ಲಿ ಬೆನ್ನು ಬಿದ್ದಿದ್ದರು. ನನಗೂ ಒಳಗೊಳಗೇ ಜಂಬ. ನಡುಕೋಣೆಯಲ್ಲಿ ಒಂದು ಮೊಳೆ ಖಾಲಿ ಇತ್ತು, ಅಪ್ಪನ ಮೊಳೆ. ಮಳೆಗಾಲದ ಥಂಡಿಗೆ ಗಾಜಿನೊಳಗೆ ಬೂಸ್ಟು ಹಿಡಿದಿತ್ತೆಂದು ಅಪ್ಪನ ಫೋಟೊವನ್ನು ಅಂಕೋಲೆಯ ಒಂದು ಅಂಗಡಿಗೆ ಹೊಸ ಕಟ್ಟು ಹಾಕಲು ಕೊಟ್ಟಿದ್ದೆ. ಎಂಟು ದಿನದಲ್ಲಿ ಕೊಡುತ್ತೇನೆ ಎಂದಿದ್ದ ಅಂಗಡಿಯವನು. ಎಂಟು ದಿನದ ಮಟ್ಟಿಗೆ ತಾನೇ ಎಂದು ಈ ವಿಜ್ಞಾನಿಯನ್ನು ಅಲ್ಲಿ ಸಿಕ್ಕಿಸಿದೆ. ಕಾಂಕ್ರೀಟು ಗೋಡೆಗೆ ಇನ್ನೊಂದು ಮೊಳೆ ಹೊಡೆಯಲು ಸೋಮಾರಿತನ.

ಆಗ ಆಯಿ ತೋಡೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಳು. ಹೆತ್ತು, ಮೀನು ಮಾರಿ ಓದಿಸಿದ ತಾಯಿ, ಎಂಬತ್ತು ದಾಟಿದವಳು, ಎರಡೂ ಕಣ್ಣಿಗೆ ಪೊರೆ. ಅದೇ ವಾರ ಮನೆಗೆ ಮರಳಿದವಳು ಮರುದಿನ ಬೆಳಿಗ್ಗೆ ಎಂದಿನಂತೆ ಮೊದಲ ಲೋಟ ಚಹಾ ತಂದು ಆ ಮೊಳೆಯ ಕೆಳಗಿನ ಸ್ಟೂಲಿನ ಮೇಲಿಟ್ಟಳು. ಅಪ್ಪ ದೋಣಿಯಿಂದ ಇಳಿದು ಒದ್ದೆ ಮೈಯಲ್ಲೇ ಚಹಾ ಕೇಳುತ್ತಿದ್ದ. ಅವನು ಸತ್ತ ಮೇಲೂ ಈ ಮನೆಯಲ್ಲಿ ಅವನಿಗಿಡದೆ ಅವಳು ಒಂದು ದಿನವೂ ಕುಡಿದವಳಲ್ಲ. ಅಪ್ಪನಿಗೂ ಕೊನೆಗಾಲದಲ್ಲಿ ಗಡ್ಡವಿತ್ತು. ಅವಳಿಗೆ ಕಾಣುತ್ತಿದ್ದುದು ಕಟ್ಟಿನೊಳಗಿನ ಒಂದು ಬಿಳಿ ಗಡ್ಡ ಮಾತ್ರ. ಕೈ ಮುಗಿದಳು. ಆ ಕುಂಬಳಕಾಯಿ ತಲೆ ಮೇಲಿನಿಂದ ಹಲ್ಲು ಕಿರಿಯುತ್ತಿತ್ತು.

ಹೇಳಬೇಕಿತ್ತು. ನಾಚಿಕೆಯಾಯಿತು. ಫೋಟೊ ಬಂದ ಕೂಡಲೇ ಸದ್ದಿಲ್ಲದೆ ಬದಲಿಸಿದರಾಯಿತು ಎಂದುಕೊಂಡೆ. ಅಂಕೋಲೆ ಏನು ಕಾಶಿಯೇ? ಬೈಕಿಗೆ ಮುಕ್ಕಾಲು ತಾಸಿನ ದಾರಿ. ಇವತ್ತು ಮಳೆ, ನಾಳೆ ಮೈ ಸರಿಯಿಲ್ಲ ಎನ್ನುತ್ತ ನಾಲ್ಕು ತಿಂಗಳು ತಳ್ಳಿದೆ. ನಿಮಗೆ ಮಾನ ಇಲ್ಲವೇ ಎಂದು ಹೆಂಡತಿ ಉಗಿದಳು. ಉಗಿಸಿಕೊಂಡು ಒರೆಸಿಕೊಂಡೆ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ನಮ್ಮಲ್ಲಿ ಸತ್ತವರಿಗೆ ಪ್ರೀತಿಯಾದದ್ದನ್ನೇ ಬಡಿಸುತ್ತಾರೆ. ಆಯಿ ತಡವರಿಸುತ್ತ ತಾನೇ ನೊಗಲಿ ಮೀನು ಹುರಿದಳು, ಸಾರು ಮಾಡಿದಳು, ಎಲೆಯನ್ನು ಚಿತ್ರದೆದುರು ಇಟ್ಟು ಕೈ ಮುಗಿದಳು. ಆಮೇಲೆ ಅದನ್ನೇ ಹಿತ್ತಿಲಿಗೆ ಒಯ್ದು ಕಾಗೆಗೆ ಇಟ್ಟಳು. ಕಾಗೆ ಮುಟ್ಟಿದರೆ ಹಿರಿಯರು ಉಂಡಂತೆ.

ಕಾಗೆ ಬರಲಿಲ್ಲ. ಬಂದರಿನಲ್ಲಿ ಬಲೆ ಜಾಡಿಸುತ್ತಿದ್ದರು, ಊರಿನ ಕಾಗೆಗಳೆಲ್ಲ ಅಲ್ಲಿದ್ದವು. ಆದರೆ ಆಯಿ ಬಿಸಿಲಿನಲ್ಲಿ ನಿಂತೇ ಇದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಗೆ ಕೂರುವ ಮಾಡಿನ ಕಡೆ ಮುಖ ಎತ್ತಿ ಅಪ್ಪನೊಂದಿಗೆ ಮಾತಾಡತೊಡಗಿದಳು.

"ಸಿಟ್ಟಾ ನಿಮಗೆ? ಆಸ್ಪತ್ರೆಲಿ ಒಂದ್ ತುತ್ತು ಮೀನ್ ಸಾರು ಕೇಳಿದ್ರಿ. ಡಾಕ್ಟರು ಬೇಡ ಅಂದ್ರು ಹೇಳಿ ನಾ ಕೊಡಲಿಲ್ಲ. ಅದ್ಕೇಯಾ?"

ಅಪ್ಪ ಸತ್ತು ಹನ್ನೊಂದು ವರ್ಷವಾದರೂ ಅವಳು ಈ ಮಾತನ್ನು ಯಾರೆದುರೂ ಆಡಿರಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಕೊಳೆತ ಸೀಗಡಿಯೂ ನನಗಿಂತ ವಾಸಿ ಅನ್ನಿಸಿತು. ಬೈಕು ಹತ್ತಿ ಅಂಕೋಲೆಗೆ ಹೊರಟೆ. ಕಟ್ಟು ಯಾವತ್ತೋ ತಯಾರಾಗಿತ್ತು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅಂಗಡಿಯವನೇ ನನ್ನನ್ನು ಕೇಳಿದ.

ಬರುವಷ್ಟರಲ್ಲಿ ಆಯಿಯನ್ನು ಹೆಂಡತಿ ಒಳಗೆ ಕೂರಿಸಿದ್ದಳು. ಎಡೆ ಹಾಗೇ ಇತ್ತು. ಆ ಚಿತ್ರವನ್ನು ಕಿತ್ತು ನೆಲದ ಮೇಲಿಟ್ಟು, ಅಪ್ಪನ ಫೋಟೊವನ್ನು ಅವಳ ಮಡಿಲಿಗಿಟ್ಟು ಎಲ್ಲ ಹೇಳಿದೆ. ಅಪ್ಪನಿಗೆ ಸಿಟ್ಟಿಲ್ಲ, ನೀನು ಬಡಿಸಿದ್ದೇ ಬೇರೆಯವನಿಗೆ, ತಪ್ಪೆಲ್ಲ ನನ್ನದು ಎಂದೆ. ಬೈಯುತ್ತಾಳೆಂದು ತಲೆ ಬಗ್ಗಿಸಿ ಕುಳಿತೆ. ಬೈಯಲಿ ಎಂದೇ ಇತ್ತು ನನಗೆ.

ಅವಳು ಬೈಯಲಿಲ್ಲ. ಹೊಸ ಗಾಜಿನ ಮೇಲೆ ಬೆರಳಾಡಿಸುತ್ತ ಲೆಕ್ಕ ಹಾಕಿದಳು.

"ಹಂಗಾರೆ ನಾಕ್ ತಿಂಗ್ಳಿಂದ ಅವ್ರಿಗೆ ಚಾ ಇಲ್ಲ," ಎಂದಳು.