ದೇವರಿಲ್ಲದ ಬೆಟ್ಟಕ್ಕೆ ಎರಡು ಜೀಪು

ಹಿಮದ ಬೆಟ್ಟಕ್ಕೆ ಒಂಟಿ ಜೀಪು ಹೋಗಬಾರದು ಎಂದು ಮೊದಲು ಹೇಳಿದವರು ಡ್ರಿಲ್ ಮೇಷ್ಟ್ರು. ಒಂದು ಹೂತುಕೊಂಡರೆ ಎಳೆಯುವುದಕ್ಕೆ ಇನ್ನೊಂದು ಇರಲೇಬೇಕು. ಇಷ್ಟು ಹೇಳಿ ಅವರು, ಸ್ಕೂಲಿನ ಓಟದ ಪಂದ್ಯಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ ತೆಗೆದುಕೊಂಡು, ತಿ. ನರಸೀಪುರದ ರೈಸ್‌ಮಿಲ್ಲಿನ ಕಣದ ಮೇಲೆ ಇಂಡಿಯಾ ಬರೆದರು. ಕೆಳಗೆ ಒಂದು ಚುಕ್ಕಿ, ನಂಜನಗೂಡು. ಮೇಲೆ, ಒಣಹಾಕಿದ ಭತ್ತದ ಅಂಚಿಗೆ ಇನ್ನೊಂದು ಚುಕ್ಕಿ, ಮನಾಲಿ. ಅಲ್ಲಿಂದ ಮೇಲಕ್ಕೆ ಟಾರು ಬಿಟ್ಟು ಹಿಮದ ಮೇಲೆಯೇ ಓಡಿಸುವುದು, ಅಲ್ಲೇ ಡೇರೆ ಹಾಕಿ ಮಲಗುವುದು. ಪ್ಲಾನು ಅದು.

ಮಿಲ್ಲಿನ ಮಾಲೀಕರು ಪಂಚೆ ಎತ್ತಿಕಟ್ಟಿ ಆ ಚುಕ್ಕಿಯಿಂದ ಈ ಚುಕ್ಕಿಗೆ ನಡೆದು ನೋಡಿದರು.

“ಇಷ್ಟೇಯಾ? ಮಧ್ಯಾನದ ಊಟುಕ್ಕೆ ವಾಪಸ್ ಬಂದ್ಬುಡ್ಬೋದು ಕಣ್ರೀ ಮೇಷ್ಟ್ರೇ.”

“ಮೊದ್ಲು ಒಂದು ಪ್ಯಾಂಟ್ ಹೊಲಿಸ್ಕೊಳಿ,” ಎಂದರು ಮೇಷ್ಟ್ರು. “ಅಲ್ಲಿನ ಚಳಿಗೆ ನಿಮ್ ಪಂಚೆ ಹಪ್ಪಳ ಆಗುತ್ತೆ.”

ನನ್ನ ಅಣ್ಣ ಜೀಪಿಗೆ ಒರಗಿ ನಿಂತು, ಬೀಡಿ ಬಾಯಲ್ಲಿಟ್ಟುಕೊಂಡೇ ನಕ್ಕ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಗುಂಪಿನಲ್ಲಿ ಮೊಬೈಲು ಇದ್ದದ್ದು ಮಿಲ್ಲಿನವರ ಹತ್ತಿರ ಮಾತ್ರ. ಅಣ್ಣನೂ ನಾನೂ ನಂಜನಗೂಡಿನಲ್ಲಿ ಊಟಿ ರೋಡಿನ ಮೇಲೆ ವರ್ಕ್‌ಶಾಪ್ ಇಟ್ಟಿದ್ದೆವು. ಅವನು ವೆಲ್ಡಿಂಗ್ ಮತ್ತು ಬಾಡಿ ಕೆಲಸ, ನಾನು ಇಂಜಿನ್ನು, ಗೇರ್‌ಬಾಕ್ಸು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟೆ. ಅಂದಿನಿಂದ ಒಬ್ಬರ ಎದುರೂ ಕೈಚಾಚಿದವನಲ್ಲ. ಮಿಲಿಟರಿ ಹರಾಜಿನಲ್ಲಿ ಬಂದ ಒಂದು ಹಳೇ ಜೀಪಿನ ಅಸ್ಥಿಪಂಜರ ತಂದು, ನಾಲ್ಕೂ ಚಕ್ರ ಎಳೆಯುವಂತೆ ನಾವಿಬ್ಬರೇ ಕಟ್ಟಿ ನಿಲ್ಲಿಸಿದ್ದೆವು. ಕಟ್ಟಿದ್ದು ಇಬ್ಬರೂ. ಓಡಿಸುತ್ತಿದ್ದದ್ದು ನಾನು. ಅಣ್ಣ ಎಡಗಡೆ ಕೂರುತ್ತಿದ್ದ.

ಅಂಥದೇ ಇನ್ನೊಂದು ಜೀಪು ಇದ್ದದ್ದು ಮಿಲ್ಲಿನವರದು. ರಿಪೇರಿಗೆ ಬಂದು ಬಂದು ಸ್ನೇಹಿತರಾದವರು. ಡ್ರಿಲ್ ಮೇಷ್ಟ್ರು ತಗಡೂರಿನಲ್ಲಿ ಕೆಲಸದಲ್ಲಿದ್ದರು. ಯಾವುದೋ ತರಬೇತಿ ಕ್ಯಾಂಪಿಗೆಂದು ಹಿಮಾಲಯದ ಕಡೆ ಹೋಗಿ ಬಂದಿದ್ದರು. ನಮ್ಮಲ್ಲಿ ಹಿಮ ಕಂಡವರು ಅವರೊಬ್ಬರೇ. ಮಿಲ್ಲಿನವರ ಜೀಪಿನಲ್ಲಿ ಅವರು ಮತ್ತು ಅವರ ಭಾವಮೈದ, ನಮ್ಮ ಜೀಪಿನಲ್ಲಿ ಅಣ್ಣ, ನಾನು, ಹಿಂದಿನ ಸೀಟಿನಲ್ಲಿ ಮೇಷ್ಟ್ರು, ಹೀಗೆಂದು ತೀರ್ಮಾನವಾಯಿತು. ಸ್ಕೂಲಿಗೆ ಬೇಸಿಗೆ ರಜ ಬಿಟ್ಟ ಕೂಡಲೇ ಹೊರಡುವುದು.

“ಹಿಮ ಎಂಗಿರ್ತದೆ ಸಾ, ಮುಟ್ಟಿದ್ರೆ?” ಎಂದು ಅಣ್ಣ ಕೇಳಿದ.

“ಹಗುರ. ಕಾಲಿಟ್ರೆ ಕುಸಿಯುತ್ತೆ. ಚಕ್ರ ಸುಮ್ನೆ ತಿರುಗುತ್ತೆ, ಗಾಡಿ ಇದ್ದಲ್ಲೇ ಇರುತ್ತೆ.”

ಮಿಲ್ಲಿನವರು ತಿರುಗಿ ಮಿಲ್ಲಿನ ಹಿಂಬದಿಗೆ ನೋಡಿದರು. ಅಲ್ಲಿ ಆ ಸುಗ್ಗಿಯ ಭತ್ತದ ಹೊಟ್ಟು ಗುಡ್ಡವಾಗಿ ಬಿದ್ದಿತ್ತು. “ಅಂಗಾರೆ ಅದು ನಮ್ಮತ್ರನೇ ಅದಲ್ರೀ!”

ಹೀಗೆ ನಾವು ಹೊಟ್ಟಿನ ಗುಡ್ಡದಲ್ಲಿ ಹಿಮದ ಪ್ರಾಕ್ಟೀಸು ಶುರು ಮಾಡಿದೆವು. ಟೈರಿನ ಗಾಳಿ ಅರ್ಧ ಇಳಿಸಿ, ಸಣ್ಣ ಗೇರಿನಲ್ಲಿ ಹತ್ತಿಸುವುದು. ಜೀಪು ಹೊಟ್ಟೆಯವರೆಗೆ ಮುಳುಗಿದಾಗ ಹಗ್ಗ ಹಾಕಿ ಇನ್ನೊಂದರಿಂದ ಎಳೆಸುವುದು. ಮೇಷ್ಟ್ರು ಸೀಟಿ ಊದಿ, ಕೈ ತೋರಿಸುತ್ತಿದ್ದರು. ಮಟಮಟ ಮಧ್ಯಾಹ್ನದಲ್ಲಿ ನಾವೆಲ್ಲ ಮೈಸೂರಿನಿಂದ ತಂದ ದಪ್ಪ ಸ್ವೆಟರು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡಿರುತ್ತಿದ್ದೆವು, ಅಭ್ಯಾಸ ಆಗಲಿ ಎಂದು. ಮಿಲ್ಲಿನ ಹೆಂಗಸರು ಮೊರ ಕೆಳಗಿಟ್ಟು ನೋಡುತ್ತಿದ್ದರು. ಒಬ್ಬಾಕೆ ಮಿಲ್ಲಿನವರನ್ನೇ ನೇರವಾಗಿ ಕೇಳಿದಳು: “ಜ್ವರ ಏನ್ರಣ್ಣ ಎಲ್ಲಾರ್ಗೂ?”

ಹಿಮಕ್ಕೂ ಹೊಟ್ಟಿಗೂ ಒಂದು ವ್ಯತ್ಯಾಸವಿದೆ, ಅದು ನಮಗೆ ಹೊಳೆದಿರಲಿಲ್ಲ. ಹಿಮ ಕರಗುತ್ತದೆ. ಹೊಟ್ಟು ಹಾರಿ ಹೋಗಿ ರೇಡಿಯೇಟರಿನ ಕಣ್ಣುಗಳಲ್ಲೆಲ್ಲ ಮೆತ್ತಿಕೊಂಡು, ನಮ್ಮ ಇಂಜಿನ್ನು ಕುದಿದು ಬುಸ್ಸೆಂದಿತು. ಅಣ್ಣ ಬಾನೆಟ್ಟು ಎತ್ತಿ ಬಾಯಿಂದಲೇ ಊದತೊಡಗಿದ. ತಲೆ, ಹುಬ್ಬು, ಮೀಸೆ ಎಲ್ಲ ಹೊಟ್ಟು.

“ಈಗ್ ನೋಡು, ನಮ್ಮೋನು ಹಿಮಾಲಯಕ್ಕೆ ಓಗ್ಬಂದಂಗೇ ಅವ್ನೆ,” ಎಂದರು ಮಿಲ್ಲಿನವರು.

“ನೀವ್ ಹಿಂಗೆ ಮಾಡಿದ್ರೆ ಚಾಮರಾಜನಗರಕ್ಕೂ ಓಗಕಾಯ್ತಿಲ್ಲ ಕಣ್ ಸಾ,” ಎಂದ ಅಣ್ಣ, ಊದುತ್ತಲೇ.

ಕಪಿಲೆಯ ಮರಳಿನಲ್ಲಿ ಡೇರೆ ಹಾಕಿ ನೋಡಿದ್ದೂ ಆಯಿತು. ಗೂಟ ನಿಲ್ಲಲಿಲ್ಲ. ಅಣ್ಣ ಗೋಣಿಚೀಲಕ್ಕೆ ಮರಳು ತುಂಬಿ ಹೂತು, ಅದಕ್ಕೆ ಹಗ್ಗ ಕಟ್ಟಿದ. ಹಿಮದಲ್ಲೂ ಚೀಲಕ್ಕೆ ಹಿಮ ತುಂಬಿ ಹೀಗೇ ಮಾಡಬಹುದು ಎಂದು ಮೇಷ್ಟ್ರು ಒಪ್ಪಿಕೊಂಡರು. ಅಂದಿನಿಂದ ಡೇರೆಯ ಜವಾಬ್ದಾರಿ ಅಣ್ಣನದು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಣ್ಣ ವರ್ಕ್‌ಶಾಪಿನಲ್ಲಿ ಊಟ ಮುಗಿಸಿ ಕೈ ತೊಳೆಯುವುದಕ್ಕೆ ತೊಟ್ಟಿಯ ಹತ್ತಿರ ಹೋದ. ಅಲ್ಲೇ ಕೂತ. ಏನೋ ಬಿದ್ದದ್ದನ್ನು ಹುಡುಕುತ್ತಿದ್ದಾನೆ ಎಂದುಕೊಂಡೆ. ಆಸ್ಪತ್ರೆಗೆ ನಮ್ಮ ಜೀಪಿನಲ್ಲೇ ಕರೆದುಕೊಂಡು ಹೋದೆ. ಹೃದಯ ನಿಂತಿದೆ ಎಂದರು. ಕವಲಂದೆ ಹತ್ತಿರ ನಮ್ಮ ಹಳ್ಳಿ. ಅಲ್ಲಿ ಹೊಲದ ಬದುವಿನಲ್ಲಿ ಅಪ್ಪನ ಪಕ್ಕಕ್ಕೆ ಮಣ್ಣು ಮಾಡಿದೆವು.

ಹಾಲು ತುಪ್ಪ ಬಿಟ್ಟ ಮಾರನೇ ದಿನವೇ ವರ್ಕ್‌ಶಾಪ್ ತೆಗೆದೆ. ಲಾರಿಯೊಂದರ ಗೇರ್‌ಬಾಕ್ಸ್ ಬಿಚ್ಚಿ ಹರಡಿತ್ತು, ಡ್ರೈವರ್ ಕಾಯುತ್ತಿದ್ದ. ಜೋಡಿಸಿ ಕೂರಿಸಿದೆ. ಸರಿಯಾಗಿಯೇ ಕೂತಿತು. ನೆಂಟರು ನನ್ನ ಬಗ್ಗೆ ಆಡಿಕೊಂಡರಂತೆ, ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು. ಹೌದು, ಬರಲಿಲ್ಲ. ಬಿಸಿ ಸೈಲೆನ್ಸರು ತಾಗಿದರೆ ಕೈ ಹಿಂದಕ್ಕೆ ತೆಗೆಯಬೇಕು ಎನ್ನುವುದೂ ಆ ದಿನಗಳಲ್ಲಿ ನಿಧಾನವಾಗಿ ತಿಳಿಯುತ್ತಿತ್ತು. ಸಾರಿಗೆ ಉಪ್ಪು ಹಾಕಿಲ್ಲವೆಂದು ಹೆಂಡತಿ ತಾನು ಉಂಡ ಮೇಲೆ ಹೇಳಿದಳು. ನಾನು ಮೊದಲೇ ಉಂಡು ಎದ್ದಿದ್ದೆ.

ತಿಥಿ ಮುಗಿದ ಕೆಲವು ದಿನಗಳಿಗೆ ಮಿಲ್ಲಿನವರೂ ಮೇಷ್ಟ್ರೂ ಬಂದು ಬೆಂಚಿನ ಮೇಲೆ ಕೂತರು. ಪ್ರವಾಸದ ಮಾತು ಅವರಾಗಿ ಎತ್ತಲಿಲ್ಲ. ನಾನೇ ಎತ್ತಿದೆ. ಮಾತು ಕೊಟ್ಟಿದ್ದೆ, ಕೊಟ್ಟ ಮಾತಿಗೆ ತಪ್ಪಿ ಗೊತ್ತಿಲ್ಲ. ನಾನು ಹಿಂದೆ ಸರಿದರೆ ಉಳಿಯುವುದು ಒಂಟಿ ಜೀಪು, ಅಲ್ಲಿಗೆ ಎಲ್ಲರದೂ ನಿಂತುಹೋಗುತ್ತದೆ ಎಂಬುದೂ ಗೊತ್ತಿತ್ತು. ಆದರೆ ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟ ಹತ್ತಬಾರದು. ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ.

ಮಿಲ್ಲಿನವರು ಇದನ್ನು ಯೋಚಿಸಿಯೇ ಬಂದಿದ್ದರು. “ಬೆಟ್ಟ ಅಂದ್ರೆ ದೇವ್ರಿರೋ ಬೆಟ್ಟ ಕಣಯ್ಯ. ಮಾದಪ್ಪನ ಬೆಟ್ಟ, ಚಾಮುಂಡಿ ಬೆಟ್ಟ. ಅದುಕ್ಕೆ ಹತ್ಬಾರ್ದು. ಇದು ಬರೀ ಕಲ್ಲು, ಮಂಜು. ಇದುಕ್ಕೇನ್ ದೋಸ?”

“ಹಾಗೆ ನೋಡಿದ್ರೆ ಇಡೀ ಹಿಮಾಲಯನೇ ಶಿವನ ಜಾಗ,” ಎಂದರು ಮೇಷ್ಟ್ರು.

“ಸುಮ್ಕಿರ್ರೀ ಮೇಷ್ಟ್ರೇ! ಈಗ್ಲೇ ಏಳ್ಬೇಕಾ ಅದ್ನ?”

ಊರಿಗೆ ಹೋಗಿ ಅವ್ವನನ್ನು ಕೇಳುವುದೆಂದಾಯಿತು. ಕೇಳುವುದಲ್ಲ, ತಿಳಿಸಿ ಬರುವುದು ಎಂದೇ ಹೊರಟೆ. ಅವ್ವ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು.

“ಅವ್ವ, ರಜ ಬುಟ್ಟಾಗ ಒಂದ್ ಕಡಿಕೆ ಓಯ್ತಾ ಇವ್ನಿ. ಹಿಮಾಲಯದ ಕಡಿಕೆ.”

“ಅವ್ನೂ ಏಳಿದ್ದ. ಬೆಟ್ಟ ಅಲ್ವಾ ಅದು?”

“ಬೆಟ್ಟನೇಯ.”

“ದೇವ್ರದಾ ಅದ್ರು ಮ್ಯಾಲೆ?”

“ಇಲ್ಲ ಕಣವ್ವ. ಗುಡಿ ಇಲ್ಲ, ಗಂಟೆ ಇಲ್ಲ. ಬರೀ ಮಂಜು. ಅದ್ಕೇಯ, ಓದ್ರೆ ದೋಸ ಇಲ್ವಂತೆ.”

“ಯಾರ್ ಏಳುದ್ರು?”

“ಮಿಲ್ನೋರು.”

“ಅವ್ರು ಅಕ್ಕಿ ಚೆಂದಾಗ್ ಮಾಡ್ಕೊಡ್ತಾರೆ,” ಎಂದಳು ಅವ್ವ. ಇನ್ನೊಂದು ಹಣ್ಣು ಕುಟ್ಟಿದಳು. ಬೀಜ ಪಕ್ಕಕ್ಕೆ ಹಾಕಿದಳು. ಆಮೇಲೆ ಮುಖ ಎತ್ತಿ ಕೇಳಿದಳು: “ದೇವ್ರಿಲ್ದಿರೋ ಬೆಟ್ಟುಕ್ಕೆ ಯಾಕಪ್ಪ ಓದೀಯೆ?”

ನಾನು ತಯಾರಾಗಿ ಹೋಗಿದ್ದದ್ದು ಬೇಡ ಅನ್ನಿಸಿಕೊಳ್ಳುವುದಕ್ಕೆ. ಬೇಡ ಅಂದಿದ್ದರೆ ಜಗಳವಾಡಿ ಹೋಗುತ್ತಿದ್ದೆ.

“ನಾ ಬ್ಯಾಡ ಅನ್ನಕಿಲ್ಲ ಕಣಪ್ಪ,” ಎಂದಳು. “ಕೇಳ್ದೆ, ಅಷ್ಟೇಯ.”

ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿದೆ. ಮಾರನೇ ದಿನ ಮಿಲ್ಲಿಗೆ ಹೋಗಿ ಆ ಪ್ರಶ್ನೆಯನ್ನು ಅವರ ಮುಂದೆಯೂ ಇಟ್ಟೆ.

“ನೋಡಕೆ ಅನ್ನು,” ಎಂದರು ಮಿಲ್ಲಿನವರು.

“ಏನ್ ನೋಡಕೆ?”

“ಹಿಮ ಕಣಯ್ಯ.”

“ನೋಡಿ?”

“ನೋಡಿ... ನೋಡ್ಕೊಂಡ್ ಬರದು! ತಲೆ ತಿನ್ಬ್ಯಾಡ.”

“ಸಾಹಸ ಅಂತ ಹೇಳ್ಬೇಕಿತ್ತು,” ಎಂದರು ಮೇಷ್ಟ್ರು.

“ನಮ್ಮವ್ವನ್ಗೆ ಸಾಹಸ ಅಂದ್ರೆ ಬಾವಿಗ್ ಬಿದ್ದಿರೋ ಎಮ್ಮೆ ಮ್ಯಾಕ್ಕೆತ್ತದು ಮೇಷ್ಟ್ರೇ.”

ಅಣ್ಣ ಇದ್ದಾಗ ಈ ಪ್ರಶ್ನೆ ಯಾರ ಬಾಯಿಗೂ ಬಂದಿರಲಿಲ್ಲ. ನಾನು ಬರುವುದಿಲ್ಲ ಎಂದೆ. ಹೇಳುವಾಗ ಬೇಜಾರೂ ಆಗಲಿಲ್ಲ, ಹಗುರವೂ ಆಗಲಿಲ್ಲ.

ಮಿಲ್ಲಿನವರು ತಕ್ಷಣ, “ಮುಂದಿನ್ ವರ್ಸ ಓಗಣ ಬುಡು. ವರ್ಸದ್ ತಿಥಿ ಕಳೀಲಿ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ನನ್ನ ಸಲುವಾಗಿ ಇಷ್ಟು ಜನ ಕೈಕಟ್ಟಿ ಕೂರುವುದು ನನಗೆ ಸಹಿಸದ ಮಾತು.

“ಯಾರೂ ಕಾಯದ್ ಬ್ಯಾಡ. ನಮ್ ಜೀಪ್ ತಗೊಂಡ್ ಓಗಿ.”

“ಸಾವಾಗಿರೋ ಮನೆ ಜೀಪು ಬೆಟ್ಟ ಹತ್ಬೋದೇನ್ಲಾ?”

“ಕಬ್ಬಿಣಕ್ಕೆ ಯಾವ್ ಸೂತ್ಕ ಸಾ.”

“ಸರಿ. ಓಡ್ಸೋರ್ ಯಾರ್ಲಾ ನಿನ್ ಕತ್ತೆನಾ? ನಿನ್ ಬುಟ್ರೆ ಬ್ಯಾರೆಯೋರ್ ಮಾತ್ ಕೇಳಕಿಲ್ಲ ಅದು.”

ಇಬ್ಬರೂ ಮೇಷ್ಟ್ರ ಕಡೆ ನೋಡಿದೆವು. ಮೇಷ್ಟ್ರು ಕೊರಳಿನ ಸೀಟಿ ಹಿಡಿದುಕೊಂಡು, “ನಾನು ಹಿಂದಿನ ಸೀಟು ಅಂತ ತೀರ್ಮಾನ ಆಗಿತ್ತಲ್ಲಾ?” ಎಂದರು.

ಮಾರನೇ ಸಂಜೆಯಿಂದ ಪಾಠ ಶುರುವಾಯಿತು. ಒಂದು ಗೇರು ಬದಲಿಸುವುದಕ್ಕೆ ಎರಡು ಸಲ ಕ್ಲಚ್ಚು ತುಳಿಯಬೇಕಾದ ಹಳೇ ಪೆಟ್ಟಿಗೆ ಅದು. ಮೇಷ್ಟ್ರು ಒಂದು ಸಲ ತುಳಿದು ಕರ್ರೆಂದು ಎಳೆಯುವರು. ನನ್ನ ಹಲ್ಲು ಜುಮ್ಮೆನ್ನಬೇಕಿತ್ತು, ಅನ್ನುತ್ತಿರಲಿಲ್ಲ. “ಇನ್ನೊಂದ್ ಸಲ,” ಎನ್ನುತ್ತಿದ್ದೆ. ಅವರು ಹಟವಾದಿ. ರಜ ಹತ್ತಿರವಾಗುವ ಹೊತ್ತಿಗೆ ರೋಡಿನ ಮೇಲೆ ಸದ್ದಿಲ್ಲದೆ ಗೇರು ಹಾಕುವಷ್ಟು ಕಲಿತರು. ಉಳಿದದ್ದು ಹೊಟ್ಟಿನ ಗುಡ್ಡ. ಅದನ್ನು ಹತ್ತಿ ಇಳಿದರೆ ಜೀಪು ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿದ್ದೆ.

ಆ ದಿನ ರೇಡಿಯೇಟರಿಗೆ ಒಂದು ಹಳೇ ಸೊಳ್ಳೆಪರದೆ ಕಟ್ಟಿ ಹೊರಟೆವು. ಮೇಷ್ಟ್ರು ಸ್ಟೀರಿಂಗಿಗೆ ಕೂತರು, ನಾನು ಎಡಗಡೆ. ರೋಡಿನ ಪಾಠಗಳಲ್ಲಿ ಅವರ ಕೈ ಕಾಲು ಕಾಣಲೆಂದು ನಾನು ಹಿಂದೆ ಬಗ್ಗಿ ನಿಂತಿರುತ್ತಿದ್ದೆ. ಹಾಗಾಗಿ, ನಾವೇ ಕಟ್ಟಿದ ಜೀಪಿನ ಎಡಗಡೆಯ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಗುಡ್ಡ ಹತ್ತಿದರು. ಚಕ್ರ ತಿರುಗಿದ ಕಡೆ ಹೆದರದೆ ಸಣ್ಣ ಗೇರು ಹಿಡಿದರು. ಮೇಲೆ ಹೋಗಿ ಆ ಕಡೆಯ ಇಳಿಜಾರು ಕಾಣಿಸಿತು, ಜೀಪಿನ ಮೂತಿ ಕೆಳಗಾಯಿತು, ಮೇಷ್ಟ್ರು ಬ್ರೇಕು ಮರೆತರು. ನನ್ನ ಬಲಗಾಲು ತಾನಾಗಿ ಮುಂದಕ್ಕೆ ಹೋಗಿ ನೆಲದ ತಗಡನ್ನು ಬಲವಾಗಿ ಒತ್ತಿತು.

ಜೀಪು ಹೊಟ್ಟಿನಲ್ಲಿ ಮೂಗು ಹೂತು ನಿಂತಿತು. ಏನೂ ಆಗಲಿಲ್ಲ.

“ಅಲ್ಲೇನ್ ಒತ್ತೀರಿ?” ಮೇಷ್ಟ್ರು ಏದುಸಿರಿನಲ್ಲೇ ನಕ್ಕರು. “ಬ್ರೇಕ್ ಇರೋದು ಈ ಕಡೆ!”

ಕಾಲ ಕೆಳಗೆ ನೋಡಿದೆ. ಜೀಪು ಕಟ್ಟಿದಾಗ ನೆಲಕ್ಕೆಲ್ಲ ನಾವು ಹಸಿರು ಬಣ್ಣ ಹೊಡೆದಿದ್ದೆವು. ಎಡಗಡೆ ಯಾವ ಪೆಡಲೂ ಇಲ್ಲ, ಅಲ್ಲಿ ಬಣ್ಣ ಸವೆಯುವ ಕಾರಣವೇ ಇಲ್ಲ. ಆದರೆ ನನ್ನ ಪಾದ ಇದ್ದ ಜಾಗದಲ್ಲಿ, ಹಿಮ್ಮಡಿಗೆ ಒಂದು, ಬೆರಳಿಗೆ ಒಂದು, ಎರಡು ಕಡೆ ಬಣ್ಣ ಪೂರಾ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಬಲಗಾಲಿನ ಅಳತೆ. ನನ್ನ ಪಾದ ಅದರೊಳಗೆ ಸರಿಯಾಗಿ ಕೂತಿತ್ತು.

ಅಣ್ಣ ಆ ಸೀಟಿನಲ್ಲಿ ಅಷ್ಟು ವರ್ಷ ಬೀಡಿ ಸೇದಿಕೊಂಡು ಕೂತಿದ್ದ. ಮೆಲ್ಲಗೆ ಎಂದು ಒಂದು ದಿನವೂ ಅಂದವನಲ್ಲ. ನನ್ನ ಡ್ರೈವಿಂಗಿಗೆ ನಮ್ಮಣ್ಣ ಬಾಯಿ ಬಿಟ್ಟದ್ದೇ ಇಲ್ಲ ಎಂದು ಎಷ್ಟೋ ಜನರ ಹತ್ತಿರ ನಾನು ಹೇಳಿಕೊಂಡಿದ್ದೆ.

ಈಗ ಅಳು ಬರುತ್ತದೆ ಎಂದುಕೊಂಡು ಕಾದೆ. ಬರಲಿಲ್ಲ. ಕಾಲು ಮಾತ್ರ ಅಲ್ಲಿಂದ ತೆಗೆಯಲಾಗಲಿಲ್ಲ.

“ಇಳಿಯೋಣವಾ? ಹಗ್ಗ ಹಾಕ್ಬೇಕಾ?” ಎಂದರು ಮೇಷ್ಟ್ರು.

“ಬ್ಯಾಡ. ರಿವರ್ಸ್ ಹಾಕಿ, ಬತ್ತದೆ. ಇನ್ನೊಂದ್ ಸಲ ಹತ್ಸಿ.” ಆಮೇಲೆ ಹೇಳಿದೆ: “ಒಸಿ ಮೆಲ್ಲುಕೆ ಇಳ್ಸಿ ಮೇಷ್ಟ್ರೇ.”

ಎರಡನೇ ಸಲ ಸರಿಯಾಗಿ ಇಳಿಸಿದರು. ಜೀಪು ಕೊಡುತ್ತೇನೆ ಎಂದೆ.

ಹೊರಡುವ ದಿನ ಬೆಳಿಗ್ಗೆ ಎರಡು ಜೀಪುಗಳೂ ವರ್ಕ್‌ಶಾಪಿನ ಮುಂದೆ ನಿಂತವು. ಮಿಲ್ಲಿನವರು ಪ್ಯಾಂಟು ಹೊಲಿಸಿಕೊಂಡು ಬಂದಿದ್ದರು. ಎಡಗಡೆ ಸೀಟಿಗೆ ತಮ್ಮ ಕಡೆಯ ಇನ್ನೊಬ್ಬರನ್ನು ಕೂರಿಸಿ ಕಳಿಸಲೇ ಎಂದು ಕೇಳಿದರು. ಬೇಡ ಎಂದೆ. ಬೋಲ್ಟು ಬಿಚ್ಚಿ ಆ ಸೀಟನ್ನೇ ತೆಗೆದು ಒಳಗಿಟ್ಟೆ. ಖಾಲಿಯಾದ ಜಾಗದಲ್ಲಿ ಅಣ್ಣನ ಜವಾಬ್ದಾರಿಯ ಡೇರೆ, ಅದರ ಮೇಲೆ ಸ್ಟವ್ವು, ಅದರ ಮೇಲೆ ಗೋಣಿಚೀಲಗಳ ಕಟ್ಟು ಇಟ್ಟು, ಸುತ್ತಿ ಸುತ್ತಿ ಹಗ್ಗ ಬಿಗಿದೆ.

“ಆಯ್ತೇನ್ಲಾ? ಬಿಸ್ಲೇರ್ತಾ ಅದೆ!” ಮಿಲ್ಲಿನವರು ಮುಂದಿನ ಜೀಪಿನಿಂದ ಕೂಗಿ ಹಾರನ್ ಒತ್ತಿದರು.

ಹಗ್ಗ ಹಿಡಿದು ಎಳೆದು ನೋಡಿದೆ. ಇನ್ನೊಮ್ಮೆ ಎಳೆದೆ. ಅಲುಗಲಿಲ್ಲ.

“ಆಯ್ತು, ಓಗ್ಬನ್ನಿ,” ಎಂದೆ.