ತೊಟ್ಟಿಲಿಗೆ ತಂದ ಜರಿ

ಉಜ್ಜನಪ್ಪ ಗಾರೆ ಕೆಲಸದವನು. ಶಿವಮೊಗ್ಗದ ಕೋಟೆ ಕಡೆ ಹಳೇ ಕಲ್ಲುಗೋಡೆ ಎಲ್ಲಿ ಬಾಯಿಬಿಟ್ಟರೂ ಅವನಿಗೇ ಹೇಳಿಕಳಿಸುತ್ತಿದ್ದರು. ಮಾತು ಬಹಳ ಕಡಿಮೆ. ದಿನವಿಡೀ ಕಲ್ಲಿನ ಜೊತೆ ಇರುವವನಿಗೆ ಮಾತು ಯಾಕೆ ಬೇಕು ಎಂದು ಹೆಂಡತಿ ಮಹಾಂತಮ್ಮ ಸುಮ್ಮನಾಗಿದ್ದಳು.

ಗೋಡೆಯ ಸಂದಿಯಲ್ಲಿ ಬೆಳೆಯುವ ಜರಿಗಿಡಕ್ಕೆ ಅವನು ಬರೀ ಜರಿ ಎನ್ನುತ್ತಿದ್ದ. ಸಂದಿಗೆ ಗಾರೆ ತುಂಬಬೇಕಾದರೆ ಅದನ್ನು ಕೀಳಲೇಬೇಕು. ಉಜ್ಜನಪ್ಪನೂ ಕೀಳುತ್ತಿದ್ದ. ಆದರೆ ಗೋಡೆಯ ಬುಡದಲ್ಲಿ, ಭಾರ ಬೀಳದ ಕಡೆ, ಒಂದು ಸಂದಿಯನ್ನು ಹಾಗೇ ಬಿಡುತ್ತಿದ್ದ. ಜೊತೆಗೆ ಕೆಲಸ ಮಾಡುವ ಕರಿಯಣ್ಣ ಆಡಿಕೊಳ್ಳುತ್ತಿದ್ದ.

"ಏನ್ ಮಾರಾಯ, ಗೋಡೆಗೆ ಜುಟ್ಟು ಬಿಡ್ತೀಯಾ?"

"ಇರ್ಲಿ ಬಿಡು. ನಮಗಿಂತ ಮುಂಚೆ ಬಂದಿದೆ ಅದು."

ಐವತ್ತೆಂಟನೇ ಇಸವಿಯಲ್ಲಿ ಮಹಾಂತಮ್ಮನ ತಂಗಿ ಜಯಶೀಲಾಳಿಗೆ ಭದ್ರಾವತಿಯಲ್ಲಿ ಹೆಣ್ಣುಮಗು ಹುಟ್ಟಿತು. ಜಯಶೀಲಾಳ ಗಂಡ ಕಾರ್ಖಾನೆಯವನು, ಕ್ವಾರ್ಟರ್ಸ್ ಮನೆ. ಸೋಮವಾರ ತೊಟ್ಟಿಲ ಶಾಸ್ತ್ರ. ಅಪ್ಪ ಅಮ್ಮ ತೀರಿಹೋಗಿದ್ದರು. ತವರಿನ ಕಡೆಯಿಂದ ನಿಂತು ಮಗುವನ್ನು ತೊಟ್ಟಿಲಿಗೆ ಹಾಕಲು ಇದ್ದವಳು ಮಹಾಂತಮ್ಮ ಒಬ್ಬಳೇ. ಹೋಗದಿದ್ದರೆ ತಂಗಿ ದಿಕ್ಕಿಲ್ಲದವಳ ಹಾಗೆ ನಿಲ್ಲಬೇಕು. ಹೋಗೋಣವೆಂದರೆ ಉಡಲು ಇದ್ದದ್ದು ಒಂದು ಕಡುನೀಲಿ ಸೀರೆ, ಅಂಚೇ ಇಲ್ಲದ್ದು. ತಂಗಿಯ ಅತ್ತೆ ಬಸವರಾಜೇಶ್ವರಿಯ ಬಾಯಿ ಎಲ್ಲರಿಗೂ ಗೊತ್ತಿತ್ತು. ಮದುವೆಯ ಪಂಕ್ತಿಯಲ್ಲೇ "ಗಾರೆಯವರ ಕಡೆ ಹೆಣ್ಣು" ಎಂದಿದ್ದಳು.

ಊಟಕ್ಕೆ ಕೂತಾಗ ಮಹಾಂತಮ್ಮ ಇದನ್ನೆಲ್ಲ ಹೇಳಿಕೊಂಡಳು. ಉಜ್ಜನಪ್ಪ ಮುದ್ದೆ ಮುರಿಯುತ್ತ ಕೇಳಿದ. ಕೈ ತೊಳೆದು ಬಂದು ಒಂದೇ ಮಾತು ಆಡಿದ.

"ತೊಟ್ಟಿಲಿಗೆ ಜರಿ ತರ್ತೀನಿ."

ಮಹಾಂತಮ್ಮನ ತಲೆಯಲ್ಲಿ ಆಗ ಸೀರೆ ಬಿಟ್ಟು ಬೇರೇನೂ ಇರಲಿಲ್ಲ. ಪಕ್ಕದ ಮನೆ ಸಾವಿತ್ರಮ್ಮನ ಅಣ್ಣ ದಿನಾ ರೈಲಿನಲ್ಲಿ ಭದ್ರಾವತಿಗೆ ಹೋಗಿ ಬರುವವನು. "ನಮ್ಮನೆಯವರು ಜರಿ ಸೀರೆ ತರ್ತಾರಂತೆ, ಜಯಶೀಲಾಗೆ ಹೇಳಿಬಿಡಿ" ಎಂದು ಅವನ ಕೈಲಿ ಹೇಳಿಕಳಿಸಿದಳು. ಮಾತು ರೈಲು ಹತ್ತಿತು. ಭದ್ರಾವತಿ ಮುಟ್ಟುವಷ್ಟರಲ್ಲಿ ಸೀರೆ ಗಾಂಧಿ ಬಜಾರಿನ ದೊಡ್ಡ ಅಂಗಡಿಯದಾಗಿತ್ತು.

ಭಾನುವಾರ ಸಂಜೆ ಉಜ್ಜನಪ್ಪ ಒದ್ದೆ ಗೋಣಿಯ ಗಂಟೊಂದನ್ನು ತಂದು ಜಗಲಿಯ ಮೇಲಿಟ್ಟ. ಮಹಾಂತಮ್ಮ ಬಿಚ್ಚಿದಳು. ಒಳಗೆ ಹಸಿರು ಎಲೆ.

"ಇದೇನ್ರೀ?"

"ಜರಿ. ತೊಟ್ಟಿಲಿಗೆ ಕಟ್ಟೋಕೆ. ಹೇಳಿದ್ನಲ್ಲ."

ಅವಳು ಗಂಟನ್ನು ಪಕ್ಕಕ್ಕೆ ತಳ್ಳಿದಳು.

"ನಾನು ಸೀರೆ ಅಂದ್ಕೊಂಡೆ. ಅವರ ಮನೆಗೆಲ್ಲ ಹೇಳಿ ಕಳಿಸಿದೀನಿ. ನಾನು ಹೋಗಲ್ಲ."

"ಜಯಶೀಲಾ?"

"ಅವಳ ಹಣೆಬರಹ."

ಬೇರೆ ಗಂಡಸಾಗಿದ್ದರೆ ನಗುತ್ತಿದ್ದ, ಇಲ್ಲವೇ ಬೈಯುತ್ತಿದ್ದ. ಉಜ್ಜನಪ್ಪ ಎರಡೂ ಮಾಡಲಿಲ್ಲ. ಗಂಟಿನಿಂದ ಒಂದು ಎಲೆ ಆರಿಸಿ ಮಗುಚಿ ತೋರಿಸಿದ. ಹಿಂಬದಿ ಬೆಳ್ಳಗೆ, ಹಿಟ್ಟು ಬಳಿದ ಹಾಗಿತ್ತು.

"ಆ ನೀಲಿ ಸೀರೆ ತಗೊಂಡು ಬಾ."

ಸೀರೆಯ ತುದಿಯನ್ನು ಕಲ್ಲಿನ ಮೇಲೆ ಹಾಸಿ, ಎಲೆ ಇಟ್ಟು, ಗಾರೆ ತಟ್ಟುವ ಮಣೆಯಿಂದ ಒಂದೇ ಏಟು ಹಾಕಿದ. ಎಲೆ ಎತ್ತಿದಾಗ ನೀಲಿಯ ಮೇಲೆ ಬಿಳೀ ಜರಿ ಮೂಡಿತ್ತು, ಒಂದೊಂದು ಎಸಳೂ ಎಣಿಸುವ ಹಾಗೆ.

"ಮುಟ್ಟಿದ್ರೆ ಹೋಗುತ್ತೆ" ಎಂದ. "ಕೂತ್ರೂ ಹೋಗುತ್ತೆ."

ಬೆಳಿಗ್ಗೆ ಅವಳು ಸೀರೆ ಉಟ್ಟು ನಿಂತಳು. ಅವನು ಮೊಣಕಾಲೂರಿ, ಮಣೆಯನ್ನು ಒಳಗಿನಿಂದ ಅವಳ ಕೈಲಿ ಹಿಡಿಸಿ, ಹೊರಗಿನಿಂದ ಎಲೆ ಒತ್ತುತ್ತ ಸುತ್ತಲೂ ಅಂಚು ಕಟ್ಟಿದ. ಗೋಡೆಗೆ ಕಲ್ಲಿನ ವರಸೆ ಇಡುವಾಗಲೂ ಅಷ್ಟು ಗಮನ ಇಟ್ಟವನಲ್ಲ.

ರೈಲಿನಲ್ಲಿ ಜನ. ಮಹಾಂತಮ್ಮ ಮೂಲೆಯಲ್ಲಿ ನಿಂತಳು. ಉಜ್ಜನಪ್ಪ ಅವಳಿಗೆ ಎದುರಾಗಿ ನಿಂತು ಎರಡೂ ಕೈಯನ್ನು ಡಬ್ಬಿಯ ಹಲಗೆಗೆ ಊರಿದ. ಭದ್ರಾವತಿ ಬರುವವರೆಗೂ ತೋಳು ಇಳಿಸಲಿಲ್ಲ. "ಜಾಗ ಮಾಡ್ಕೊಡ್ತೀವಿ, ಕೂರಮ್ಮ" ಎಂದು ಯಾರೋ ಅಂದರೆ, "ಅವಳು ಕೂರಲ್ಲ" ಎಂದುಬಿಟ್ಟ.

ಬಸವರಾಜೇಶ್ವರಿ ಬಾಗಿಲಲ್ಲೇ ಇದ್ದಳು. ಮೊದಲು ನೋಡಿದ್ದೇ ಅಂಚನ್ನು. ಬಗ್ಗಿ ಬೆರಳಿಟ್ಟಳು. ಬೆರಳು ಬೆಳ್ಳಗಾಯಿತು.

"ಅಯ್ಯೋ, ಇದೇನೇ ಮಾರಾಯ್ತಿ! ಸುಣ್ಣದ ಜರಿ! ಗಾರೆಯವರ ಮನೆ ಅಂತ ಗೊತ್ತಾಗ್ಲಿ ಅಂತಲಾ?"

ಹೆಂಗಸರು ನಕ್ಕರು. ಜಯಶೀಲಾ ತಲೆ ತಗ್ಗಿಸಿದಳು. ಮಹಾಂತಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಉಜ್ಜನಪ್ಪ ಗೋಣಿ ಬಿಚ್ಚಿದ. "ಸುಣ್ಣ ಅಲ್ಲ ತಾಯಿ, ಗಿಡದ್ದು. ಕೋಟೆ ಗೋಡೇದು. ಕೈ ಕೊಡಿ."

ಮುದುಕಿ ಏನು ಮಾಡುತ್ತಾನೋ ನೋಡೋಣ ಎಂದು ಕೈ ಚಾಚಿದಳು. ಅವನು ಎಲೆಯನ್ನು ಅವಳ ಮುಂಗೈ ಮೇಲಿಟ್ಟು ಜಯಶೀಲಾಳನ್ನು ಕರೆದ. "ನೀನೇ ಒತ್ತಮ್ಮ." ಸೊಸೆ ಒತ್ತಿದಳು. ಎಲೆ ಎತ್ತಿದರೆ ಕಪ್ಪು ಮುಂಗೈಯಲ್ಲಿ ಬಿಳೀ ಜರಿ. ಬಸವರಾಜೇಶ್ವರಿ ಕೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಇನ್ನೊಂದು ಕೈ ಚಾಚಿದಳು.

"ಇದಕ್ಕೆ?"

ಈಗಿನ ನಗು ಬೇರೆ ಥರದ್ದು. ಪಕ್ಕದ ಕ್ವಾರ್ಟರ್ಸಿನ ತಮಿಳಮ್ಮ "ಎನಕ್ಕು ಒಣ್ಣು" ಎಂದು, ತನಗೂ ಒಂದು ಬೇಕೆಂದು ಮುಂದೆ ನುಗ್ಗಿದಳು. ಉಳಿದ ಜರಿಯನ್ನು ತೊಟ್ಟಿಲಿಗೆ ಕಟ್ಟಿದರು. ಮಗುವನ್ನು ತಂದು ಮಹಾಂತಮ್ಮನ ಕೈಗೆ ಕೊಟ್ಟವಳು ಬಸವರಾಜೇಶ್ವರಿಯೇ. "ತವರಿನವಳು ನೀನು, ನೀನೇ ಹಾಕು."

ಶಾಸ್ತ್ರ ಮುಗಿದ ಮೇಲೆ ಮಹಾಂತಮ್ಮ ನೆಲದ ಮೇಲೆ ಕೂತು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಳು. ಎದ್ದಾಗ ಸೀರೆ ಬರೀ ನೀಲಿ. ಸಂಜೆ ರೈಲಿನಲ್ಲಿ ಜಾಗ ಸಿಕ್ಕಿ ಕೂತಳು. ಉಜ್ಜನಪ್ಪ ಮಾತ್ರ ಬೆಳಗಿನ ಹಾಗೇ ಎದುರಿಗೆ ಕೈ ಊರಿ ನಿಂತಿದ್ದ.

"ಇನ್ನೇನಿದೆ ಕಾಯೋಕೆ? ಕೂತ್ಕೊಳ್ರೀ" ಎಂದಳು.

"ಅಭ್ಯಾಸ ಆಯ್ತು" ಎಂದ.

ಅರವತ್ತಾರರ ಬೇಸಿಗೆಯಲ್ಲಿ ಉಜ್ಜನಪ್ಪ ಎದೆನೋವು ಬಂದು ತೀರಿಹೋದ. ಆಗ ಕೋಟೆಯ ಗೋಡೆಯಲ್ಲಿ ಜರಿ ಒಣಗಿ ಕಪ್ಪಗಾಗಿತ್ತು. ಮಳೆ ಬಿದ್ದ ಮೇಲೆ, ಅವನು ಬುಡದಲ್ಲಿ ಬಿಟ್ಟ ಸಂದಿಗಳಲ್ಲೆಲ್ಲ ಮತ್ತೆ ಬಂತು.

ಮಹಾಂತಮ್ಮ ಆ ಕಡೆ ಹೋದಾಗ ಒಂದು ಎಲೆ ಕೀಳುತ್ತಾಳೆ. ಮುಂಗೈ ಮೇಲೆ ಒತ್ತಿಕೊಳ್ಳುತ್ತಾಳೆ. ಮನೆ ಮುಟ್ಟುವ ತನಕ ಆ ಕೈ ಯಾವುದಕ್ಕೂ ತಾಗದ ಹಾಗೆ ದೂರ ಹಿಡಿದುಕೊಂಡು ನಡೆಯುತ್ತಾಳೆ.